ಎರವಲು ಮುಗಿಲು



ಬಾನುಲಿಯಲ್ಲಿ ಕೂತು ಚಿತ್ರಗಳ ಬಗ್ಗೆ ಮಾತಾಡುವುದು ಸ್ವಲ್ಪ ತಮಾಷೆಯ ಕೆಲಸ. ಹೇಳುವ ಚಿತ್ರ ಒಂದೂ ನಿಮ್ಮ ಕಣ್ಣ ಮುಂದಿಲ್ಲ, ಎಲ್ಲವನ್ನೂ ಮಾತಿನಲ್ಲೇ ತೋರಿಸಬೇಕು. ಇವತ್ತಿನ ವಿಷಯಕ್ಕೆ ಅದೇನೂ ಅಡ್ಡಿಯಲ್ಲ. ನಾನು ಹೇಳಹೊರಟಿರುವ ಬೆಟ್ಟ, ನದಿ, ಬಯಲುಗಳಲ್ಲಿ ಎಷ್ಟೋ, ನೀವು ಅಲ್ಲಿಗೇ ಹೋಗಿ ಹುಡುಕಿದರೂ ಸಿಗುವಂಥವಲ್ಲ. ಒಂದು ಕಡೆಯ ನೆಲ, ಇನ್ನೊಂದು ಕಡೆಯ ಮರ, ಮತ್ತಾವುದೋ ದಿನದ ಮೋಡ ಸೇರಿಸಿ ಜೋಡಿಸಿದ ನೋಟಗಳು ಅವು. ಹೀಗೆ ತಿದ್ದಿದ ನಿಸರ್ಗ ಛಾಯಾಚಿತ್ರಗಳ ಬಗ್ಗೆ, ಅವುಗಳಿಗೆ ಸ್ಫೂರ್ತಿಯಾದ ಕಲಾವಿದರ ಬಗ್ಗೆ ಇವತ್ತು ಒಂದಿಷ್ಟು ಹೇಳುತ್ತೇನೆ.

ತಿದ್ದಿದ ಫೋಟೊ ಎಂದ ಕೂಡಲೇ ಮುಖ ಸಿಂಡರಿಸುವ ಅಭ್ಯಾಸ ನಮ್ಮಲ್ಲಿದೆ. ಮುಳ್ಳಯ್ಯನಗಿರಿಯ ಮೇಲೆ ನೇರಳೆ ಬಣ್ಣದ ಸಂಜೆ, ಜೋಗದ ನೆತ್ತಿಯ ಮೇಲೆ ಹಾಲುಹಾದಿ, ಇಡೀ ಕೆರೆಯನ್ನು ಮುಚ್ಚುವಷ್ಟು ದೊಡ್ಡ ಚಂದ್ರ. ಇಂಥವು ದಿನಾ ಬೆಳಿಗ್ಗೆ ಶುಭೋದಯದ ಜೊತೆ ವಾಟ್ಸಾಪಿಗೆ ಬಂದು ಬೀಳುತ್ತವೆ. ‘ಬಿಡ್ರೀ, ಎಲ್ಲಾ ಫೋಟೊಶಾಪು’ ಎಂದು ಬೆರಳಿನಿಂದ ಸರಿಸಿಬಿಡುತ್ತೇವೆ. ಆ ಬೇಸರ ನ್ಯಾಯವೇ. ಆದರೆ ಅದರ ಹಿಂದೆ ಒಂದು ನಂಬಿಕೆ ಅಡಗಿದೆ. ಕಂಪ್ಯೂಟರ್ ಬರುವ ತನಕ ಕ್ಯಾಮೆರಾ ಕಂಡದ್ದನ್ನು ಕಂಡ ಹಾಗೇ ಹೇಳುತ್ತಿತ್ತು, ಕೆಟ್ಟದ್ದೆಲ್ಲ ಈಚೆಗೆ ಎಂಬ ನಂಬಿಕೆ ಅದು. ಚರಿತ್ರೆಯನ್ನು ತೆಗೆದು ನೋಡಿದರೆ ಅದು ನಿಲ್ಲುವುದಿಲ್ಲ. ಬೇರೆ ಕಡೆಯ ಮುಗಿಲನ್ನು ಎರವಲು ತಂದು ಅಂಟಿಸುವ ಕೆಲಸಕ್ಕೆ ಹೆಚ್ಚುಕಡಿಮೆ ಛಾಯಾಗ್ರಹಣದಷ್ಟೇ ವಯಸ್ಸಾಗಿದೆ.

1850ರ ದಶಕದ ಫ್ರಾನ್ಸಿಗೆ ಹೋಗೋಣ. ಗುಸ್ತಾವ್ ಲ ಗ್ರೇ ಎಂಬಾತ ಮೊದಲು ಚಿತ್ರಕಲೆ ಕಲಿತು ಆಮೇಲೆ ಕ್ಯಾಮೆರಾ ಹಿಡಿದವನು. 1856ರ ಸುಮಾರಿಗೆ ನಾರ್ಮಂಡಿಯ ಕಡಲತೀರದಲ್ಲಿ, ಮುಂದೆ ಮೆಡಿಟರೇನಿಯನ್ ದಡದಲ್ಲಿ ಆತ ಸಮುದ್ರದ ಚಿತ್ರಗಳನ್ನು ತೆಗೆಯಲು ತೊಡಗಿದ. ಆಗ ಬಳಕೆಯಲ್ಲಿದ್ದದ್ದು ಕೊಲೋಡಿಯನ್ ಎಂಬ ಅಂಟು ದ್ರವ ಸವರಿದ ಗಾಜಿನ ಫಲಕ. ಅದಕ್ಕೊಂದು ಕುಂದಿತ್ತು. ನೀಲಿ ಬೆಳಕಿಗೆ ಅದು ಬಲು ಚುರುಕು, ಹಸಿರು ಕೆಂಪಿಗೆ ಬಹಳ ಮಂದ. ಕೆಳಗಿನ ನೆಲವೋ ನೀರೋ ಚೆನ್ನಾಗಿ ಮೂಡುವಷ್ಟು ಹೊತ್ತು ಫಲಕವನ್ನು ಬೆಳಕಿಗೆ ಒಡ್ಡಿದರೆ ಆಕಾಶಕ್ಕೆ ಬೆಳಕು ಮಿತಿಮೀರಿ ಮೋಡಗಳೆಲ್ಲ ಅಳಿಸಿಹೋಗುತ್ತಿದ್ದವು. ಮೋಡ ಉಳಿಯಲಿ ಎಂದು ಬೇಗ ಮುಚ್ಚಿದರೆ ಕೆಳಗಿನದೆಲ್ಲ ಕಪ್ಪು. ಆ ಕಾಲದ ಬಹುಪಾಲು ನಿಸರ್ಗಚಿತ್ರಗಳಲ್ಲಿ ಆಕಾಶ ಸುಣ್ಣ ಬಳಿದ ಗೋಡೆಯ ಹಾಗೆ ಕಾಣುವುದು ಇದೇ ಕಾರಣಕ್ಕೆ.

ಲ ಗ್ರೇ ಇದಕ್ಕೆ ಒಂದು ಉಪಾಯ ಮಾಡಿದ. ನೀರಿಗೊಂದು ನೆಗೆಟಿವ್, ಮುಗಿಲಿಗೊಂದು ನೆಗೆಟಿವ್. ಎರಡನ್ನೂ ಒಂದೇ ಕಾಗದದ ಮೇಲೆ ಒಂದಾದಮೇಲೊಂದು ಮುದ್ರಿಸುವುದು. 1857ರಲ್ಲಿ ಸೆತ್ ಎಂಬ ಬಂದರಿನಲ್ಲಿ ತೆಗೆದ ‘ಮಹಾ ಅಲೆ’ ಹೀಗೆ ಹುಟ್ಟಿದ ಚಿತ್ರ. ಕೆಳಗೆ ದಡಕ್ಕೆ ಬಂದು ಒಡೆಯುತ್ತಿರುವ ಅಲೆ, ಮೇಲೆ ಭಾರವಾದ ಮೋಡಗಳ ದಂಡು, ಇವೆರಡೂ ಕೂಡುವುದು ದಿಗಂತದ ಗೆರೆಯಲ್ಲಿ. ಸಮುದ್ರದ ದಿಗಂತ ಅಡ್ಡಲಾಗಿ ನೇರ ಇರುವುದರಿಂದ ಬೆಸುಗೆ ಕಾಣುವುದಿಲ್ಲ. ಬೆಟ್ಟ, ಮರಗಳಿದ್ದಿದ್ದರೆ ಈ ಜೋಡಣೆ ಇಷ್ಟು ಸಲೀಸಾಗುತ್ತಿರಲಿಲ್ಲ. ಆತನ ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡಿದವರಿಗೆ ಇನ್ನೊಂದು ಸಂಗತಿಯೂ ಗೊತ್ತಾಯಿತು: ಒಂದೇ ಮೋಡಗಳು ಬೇರೆ ಬೇರೆ ಸಮುದ್ರಗಳ ಮೇಲೆ ತೇಲುತ್ತಿದ್ದವು! ಈ ಕೆಲಸದ ಹಿಂದೆ ಇದ್ದದ್ದು ಮೋಸ ಮಾಡುವ ಆಸೆಯಲ್ಲ. ವರ್ಣಚಿತ್ರಕಾರನೊಬ್ಬ ಆಕಾಶಕ್ಕೆ ಎಷ್ಟು ಬೆಲೆ ಕೊಡುತ್ತಾನೋ ಅಷ್ಟನ್ನು ಕ್ಯಾಮೆರಾದ ಕೈಯಲ್ಲೂ ಕೊಡಿಸಬೇಕು ಎಂಬ ಹಟ.

ಸುಮಾರು ಒಂದು ಶತಮಾನ ಮುಂದೆ ಬಂದರೆ ಅಮೆರಿಕದ ಆನ್ಸೆಲ್ ಆಡಮ್ಸ್ ಸಿಗುತ್ತಾರೆ. ಕಪ್ಪುಬಿಳುಪು ನಿಸರ್ಗಚಿತ್ರಕ್ಕೆ ಅವರ ಹೆಸರೇ ಒಂದು ಅಳತೆಗೋಲು. 1941ರಲ್ಲಿ ನ್ಯೂ ಮೆಕ್ಸಿಕೊದ ಹೆರ್ನಾಂಡೆಸ್ ಎಂಬ ಹಳ್ಳಿಯ ಬಳಿ ಅವರು ತೆಗೆದ ಚಂದ್ರೋದಯದ ಚಿತ್ರ ಲೋಕಪ್ರಸಿದ್ಧ. ಸಂಜೆಯ ಕೊನೆಯ ಬಿಸಿಲು ಬಿದ್ದ ಸ್ಮಶಾನದ ಶಿಲುಬೆಗಳು, ದೂರದಲ್ಲಿ ಹಿಮದ ಬೆಟ್ಟ, ಮೇಲೆ ಕಡುಗಪ್ಪು ಆಕಾಶದಲ್ಲಿ ಚಂದ್ರ. ಆ ಸಂಜೆಯ ಆಕಾಶ ಅಷ್ಟು ಕಪ್ಪಿರಲಿಲ್ಲ. ತಿದ್ದದೆ ಮುದ್ರಿಸಿದರೆ ಅಲ್ಲಿ ಬೂದು ಬಣ್ಣವೂ ತೆಳು ಮೋಡಗಳೂ ಕಾಣುತ್ತವೆ. ಡಾರ್ಕ್‌ರೂಮಿನಲ್ಲಿ ಪ್ರಿಂಟಿನ ಒಂದು ಭಾಗಕ್ಕೆ ಕೈ ಅಡ್ಡಹಿಡಿದು ಬೆಳಕು ತಗ್ಗಿಸುವುದು, ಇನ್ನೊಂದು ಭಾಗಕ್ಕೆ ಹೆಚ್ಚು ಬೆಳಕು ಉಣಿಸುವುದು, ಹೀಗೆ ವರ್ಷ ಕಳೆದಂತೆ ಆ ಆಕಾಶವನ್ನು ಅವರು ಕಪ್ಪು ಮಾಡುತ್ತಲೇ ಹೋದರು. ಆಡಮ್ಸ್ ತರುಣರಾಗಿದ್ದಾಗ ಪಿಯಾನೊ ಕಲಿತವರು. ನೆಗೆಟಿವ್ ಎಂದರೆ ಸಂಗೀತದ ಸ್ವರಲಿಪಿ, ಪ್ರಿಂಟ್ ಎಂದರೆ ಕಚೇರಿ ಎಂಬ ಅರ್ಥದ ಮಾತನ್ನು ಹೇಳುತ್ತಿದ್ದರು. ಕೃತಿ ಒಂದೇ, ಹಾಡಿಕೆ ದಿನಕ್ಕೊಂದು.

ಅವರು ಬೆಳಕನ್ನು ತಿದ್ದಿ ಅಷ್ಟಕ್ಕೇ ನಿಲ್ಲಲಿಲ್ಲ. 1944ರಲ್ಲಿ ಕ್ಯಾಲಿಫೋರ್ನಿಯಾದ ಲೋನ್ ಪೈನ್ ಎಂಬ ಊರಿನಿಂದ ಸಿಯೆರಾ ನೆವಾಡ ಬೆಟ್ಟಗಳ ಮೇಲಿನ ಸೂರ್ಯೋದಯವನ್ನು ತೆಗೆದರು. ಮುಂದಿನ ಗುಡ್ಡದ ಮೇಲೆ ಆ ಊರಿನ ಶಾಲೆಯ ಹುಡುಗರು ಬಿಳಿ ಕಲ್ಲುಗಳಿಂದ ಊರ ಹೆಸರಿನ ಎರಡು ಮೊದಲಕ್ಷರಗಳನ್ನು ದೊಡ್ಡದಾಗಿ ಬರೆದಿದ್ದರು. ಆಡಮ್ಸ್ ಅದನ್ನು ಒಂದು ಗಾಯದ ಗುರುತು ಎಂದೇ ಕಂಡು ಚಿತ್ರದಿಂದ ಅಳಿಸಿದರು. ಫೋಟೊಶಾಪ್ ಹುಟ್ಟುವುದಕ್ಕೆ ಸುಮಾರು ಅರ್ಧ ಶತಮಾನ ಮೊದಲಿನ ಮಾತು ಇದು.

ಈ ತಿದ್ದುವ ಕೈ ಛಾಯಾಗ್ರಾಹಕರಿಗೆ ಬಂದದ್ದು ಚಿತ್ರಕಾರರಿಂದ. ಮಂಜಿನ ಕಡಲಿನ ಮೇಲೆ ಬಂಡೆಯ ತುದಿಯಲ್ಲಿ ನಮಗೆ ಬೆನ್ನು ಹಾಕಿ ನಿಂತ ಒಬ್ಬ ಮನುಷ್ಯ. ಜರ್ಮನಿಯ ಕಾಸ್ಪರ್ ಡೇವಿಡ್ ಫ್ರೀಡ್ರಿಶ್ 1818ರ ಸುಮಾರಿಗೆ ಬರೆದ ಚಿತ್ರ ಇದು. ಕುಮಾರಪರ್ವತವನ್ನೋ ತಡಿಯಂಡಮೋಳನ್ನೋ ಹತ್ತಿದ ನಮ್ಮ ಹುಡುಗರು ಮಂಜಿಗೆ ಮುಖ ಮಾಡಿ, ಬೆನ್ನು ತೋರಿಸಿ ತೆಗೆಸಿಕೊಳ್ಳುವ ಫೋಟೊಗಳಿಗೆ ಮೂಲಪುರುಷ ಆತನೇ, ಅವರಿಗೆ ಅದು ಗೊತ್ತಿಲ್ಲದಿರಬಹುದು. ಆದರೆ ಫ್ರೀಡ್ರಿಶ್ ಆ ನೋಟವನ್ನು ಒಂದೇ ಜಾಗದಲ್ಲಿ ನಿಂತು ಕಂಡವನಲ್ಲ. ಸ್ಯಾಕ್ಸನಿ ಮತ್ತು ಬೊಹೆಮಿಯಾದ ಮರಳುಗಲ್ಲಿನ ಬೆಟ್ಟಗಳಲ್ಲಿ ಅಲೆದು, ಅಲ್ಲೊಂದು ಬಂಡೆ ಇಲ್ಲೊಂದು ಶಿಖರ ಎಂದು ಬರೆದುಕೊಂಡ ಸ್ಕೆಚ್ಚುಗಳನ್ನು ತಂದು ತನ್ನ ಕೋಣೆಯಲ್ಲಿ ಒಂದುಗೂಡಿಸಿದ.

ಇನ್ನೂ ಹಿಂದಕ್ಕೆ ಹೋದರೆ 17ನೇ ಶತಮಾನದ ರೋಮಿನಲ್ಲಿ ಕ್ಲಾಡ್ ಲೊರೇನ್ ಇದ್ದಾನೆ. ಎರಡು ಬದಿಗೂ ಮರಗಳು, ನಡುವೆ ನೀರು, ದೂರದಲ್ಲಿ ಹೊನ್ನಿನ ಬೆಳಕು, ಇದು ಆತನ ಕಟ್ಟು. ಅದು ಯುರೋಪಿನವರ ಕಣ್ಣಿಗೆ ಎಷ್ಟು ಅಂಟಿತೆಂದರೆ, 18ನೇ ಶತಮಾನದಲ್ಲಿ ಇಂಗ್ಲೆಂಡಿನ ಪ್ರವಾಸಿಗಳು ‘ಕ್ಲಾಡ್ ಕನ್ನಡಿ’ ಎಂಬುದನ್ನು ಜೇಬಿನಲ್ಲಿ ಇಟ್ಟುಕೊಂಡು ಊರು ಸುತ್ತುತ್ತಿದ್ದರು. ಕಪ್ಪು ಛಾಯೆಯ, ಸ್ವಲ್ಪ ಉಬ್ಬಿದ ಸಣ್ಣ ಕನ್ನಡಿ ಅದು. ಚಂದದ ಜಾಗ ಸಿಕ್ಕರೆ ಅದಕ್ಕೆ ಬೆನ್ನು ಹಾಕಿ ನಿಂತು ಕನ್ನಡಿಯಲ್ಲಿ ನೋಡಬೇಕು, ಇಡೀ ನೋಟ ಕುಗ್ಗಿ, ಬಣ್ಣ ಮೆದುವಾಗಿ, ಕ್ಲಾಡ್ ಬರೆದ ಚಿತ್ರದಂತೆ ಕಾಣುತ್ತಿತ್ತು. ಥಾಮಸ್ ಗ್ರೇ ಎಂಬ ಕವಿ 1769ರಲ್ಲಿ ಇಂಗ್ಲೆಂಡಿನ ಸರೋವರಗಳ ಸೀಮೆಗೆ ಹೋದಾಗ ಈ ಕನ್ನಡಿ ಹಿಡಿದು ನಡೆಯುತ್ತಾ ಕೆಸರಿನ ದಾರಿಯಲ್ಲಿ ಬೆನ್ನಡಿಯಾಗಿ ಬಿದ್ದು ಬೆರಳ ಗೆಣ್ಣು ತರಚಿಕೊಂಡ. ಇದನ್ನು ತಾನೇ ಬರೆದಿಟ್ಟಿದ್ದಾನೆ. ಸೆಲ್ಫಿ ತೆಗೆಯಲು ಹೋಗಿ ಬೀಳುವವರನ್ನು ಕಂಡು ಕಾಲ ಕೆಟ್ಟಿತು ಎನ್ನುವ ಹಿರಿಯರಿಗೆ ಈ ಕತೆಯನ್ನು ಧಾರಾಳವಾಗಿ ಹೇಳಬಹುದು.

ನಮ್ಮಲ್ಲೇನು ಕಡಿಮೆ? ಶಾಲೆಯಲ್ಲಿ ಸೀನರಿ ಬರೆಯಿರಿ ಎಂದರೆ ರಾಯಚೂರಿನ ಬಯಲಿನ ಹುಡುಗನೂ ಎರಡು ಚೂಪು ಗುಡ್ಡ, ನಡುವೆ ಸೂರ್ಯ, ಕೆಳಗೆ ಹೊಳೆ, ಪಕ್ಕಕ್ಕೆ ಗುಡಿಸಲು, ಒಂದು ತೆಂಗಿನಮರ ಬರೆಯುತ್ತಾನೆ. ಕಿಟಕಿಯ ಆಚೆ ಅದರಲ್ಲಿ ಒಂದೂ ಇರುವುದಿಲ್ಲ. ಹಳೆಯ ಮನೆಗಳ ಗೋಡೆಯ ಮೇಲಿನ ಮದುವೆ ಫೋಟೊಗಳನ್ನು ನೋಡಿ: ಸ್ಟುಡಿಯೊದ ಬಣ್ಣದ ಪರದೆಯಲ್ಲಿ ಕೊಳ, ಹಂಸ, ಅರಮನೆಯ ಮೆಟ್ಟಿಲು. ಎಂದೂ ಕಾಣದ ಆ ಕೊಳದ ದಡದಲ್ಲಿ ನಮ್ಮ ಅಜ್ಜ ಅಜ್ಜಿಯರು ಗಂಭೀರವಾಗಿ ಕೂತಿದ್ದಾರೆ. ಅದನ್ನು ಯಾರೂ ಸುಳ್ಳು ಎನ್ನಲಿಲ್ಲ. ಪರದೆ ಪರದೆ ಎಂಬುದು ತೆಗೆಸಿಕೊಂಡವರಿಗೂ ಗೊತ್ತಿತ್ತು, ನೋಡುವವರಿಗೂ ಗೊತ್ತಿತ್ತು. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಈಗ ಕಂಪ್ಯೂಟರಿನ ಕಾಲಕ್ಕೆ ಬರೋಣ. ಅದಕ್ಕೆ ಮುನ್ನ ಒಬ್ಬರನ್ನು ನೆನೆಯಲೇಬೇಕು. ಅಮೆರಿಕದ ಫ್ಲಾರಿಡಾದಲ್ಲಿ ಪಾಠ ಹೇಳುತ್ತಿದ್ದ ಜೆರ್ರಿ ಯೂಲ್ಸ್‌ಮನ್ ಡಾರ್ಕ್‌ರೂಮಿನಲ್ಲಿ ಹಲವು ಎನ್‌ಲಾರ್ಜರುಗಳನ್ನು ಸಾಲಾಗಿ ನಿಲ್ಲಿಸಿ, ಒಂದೊಂದರಲ್ಲೂ ಒಂದೊಂದು ನೆಗೆಟಿವ್ ಇಟ್ಟು, ಒಂದೇ ಕಾಗದವನ್ನು ಒಂದರಿಂದ ಇನ್ನೊಂದಕ್ಕೆ ದಾಟಿಸುತ್ತಾ ಮುದ್ರಿಸುತ್ತಿದ್ದರು. ಬೇರು ಸಮೇತ ಗಾಳಿಯಲ್ಲಿ ತೇಲುವ ಮರ, ಛಾವಣಿಯ ಜಾಗದಲ್ಲಿ ಮೋಡ ತುಂಬಿದ ಕೋಣೆ, ಇವು ಅವರ ಲೋಕ. 1967ರಲ್ಲೇ ನ್ಯೂಯಾರ್ಕಿನ ಆಧುನಿಕ ಕಲಾ ವಸ್ತುಸಂಗ್ರಹಾಲಯದಲ್ಲಿ ಅವರ ಪ್ರದರ್ಶನ ನಡೆಯಿತು. ಕಂಪ್ಯೂಟರ್ ಬಂದ ಮೇಲೂ ಅವರು ಡಾರ್ಕ್‌ರೂಮ್ ಬಿಡಲಿಲ್ಲ. ಕಂಪ್ಯೂಟರಿಗೆ ಒಲಿದವರು ಆಗ ಅವರ ಪತ್ನಿಯಾಗಿದ್ದ ಕಲಾವಿದೆ ಮ್ಯಾಗಿ ಟೇಲರ್. ಒಂದೇ ಮನೆಯಲ್ಲಿ ಎರಡು ಕಾಲಗಳು.

ಫೋಟೊಶಾಪ್ ಮಾರುಕಟ್ಟೆಗೆ ಬಂದದ್ದು 1990ರಲ್ಲಿ, ಥಾಮಸ್ ಮತ್ತು ಜಾನ್ ನೋಲ್ ಎಂಬ ಅಣ್ಣತಮ್ಮಂದಿರ ಕೈಯಿಂದ. 1994ರಲ್ಲಿ ಅದಕ್ಕೆ ಪದರಗಳು, ಅಂದರೆ ‘ಲೇಯರ್’ಗಳು ಸೇರಿದವು. ನೆಲ ಒಂದು ಪದರ, ಮರ ಒಂದು ಪದರ, ಮುಗಿಲು ಒಂದು ಪದರ. ಒಂದನ್ನು ತಿದ್ದಿದರೆ ಇನ್ನೊಂದು ಕೆಡದು. ಯೂಲ್ಸ್‌ಮನ್ನರ ಎನ್‌ಲಾರ್ಜರುಗಳ ಸಾಲು ಮೇಜಿನ ಮೇಲಿನ ಪೆಟ್ಟಿಗೆಯೊಳಗೆ ಬಂದು ಕೂತಿತು. ಆದರೆ ಯಂತ್ರ ಸುಲಭವಾಯಿತೆಂದು ಚಿತ್ರ ಸುಲಭವಾಗಲಿಲ್ಲ. ಇದಕ್ಕೆ ಒಂದು ಚಿತ್ರವನ್ನು ಸ್ವಲ್ಪ ಹತ್ತಿರದಿಂದ ನೋಡೋಣ.

ಜಪಾನಿನ ಹೊಕುಸಾಯ್ ಮೌಂಟ್ ಫೂಜಿಯ ನೋಟಗಳ ಮರದಚ್ಚಿನ ಚಿತ್ರಮಾಲೆಯನ್ನು 1830ರ ಆಸುಪಾಸಿನಲ್ಲಿ ಮಾಡಿದ. ಅದರಲ್ಲೊಂದು ಎಜಿರಿ ಎಂಬ ಊರಿನ ದಾರಿ. ಇದ್ದಕ್ಕಿದ್ದಂತೆ ಗಾಳಿ ಬೀಸಿದೆ. ದಾರಿಹೋಕರು ಬಗ್ಗಿ ಟೋಪಿ ಹಿಡಿದುಕೊಳ್ಳುತ್ತಿದ್ದಾರೆ, ಒಬ್ಬನ ಟೋಪಿ ಆಗಲೇ ಹಾರಿಹೋಗಿದೆ. ಒಬ್ಬಾಕೆಯ ಕಾಗದಗಳು ಒಂದೊಂದಾಗಿ ಆಕಾಶಕ್ಕೇರುತ್ತಿವೆ. ಎರಡು ತೆಳ್ಳನೆಯ ಮರಗಳು ಬಾಗಿವೆ. ಹಿಂದೆ ಒಂದೇ ಗೆರೆಯಲ್ಲಿ ಎಳೆದ ಫೂಜಿ ಪರ್ವತ, ಅದಕ್ಕೆ ಮಾತ್ರ ಗಾಳಿಯ ಗೊಡವೆಯೇ ಇಲ್ಲ.

1993ರಲ್ಲಿ ಕೆನಡಾದ ಜೆಫ್ ವಾಲ್ ಈ ಚಿತ್ರವನ್ನು ಮುಂದಿಟ್ಟುಕೊಂಡು ತಮ್ಮ ಊರು ವ್ಯಾಂಕೂವರಿನ ಹೊರವಲಯದ ಬಯಲಿನಲ್ಲಿ ಒಂದು ಛಾಯಾಚಿತ್ರ ಕಟ್ಟಿದರು. ‘ಹಠಾತ್ತನೆ ಬೀಸಿದ ಗಾಳಿ, ಹೊಕುಸಾಯ್‌ನನ್ನು ಅನುಸರಿಸಿ’ ಎಂಬುದು ಅದರ ಹೆಸರಿನ ಅರ್ಥ. ಇಲ್ಲಿಯೂ ದಾರಿಹೋಕರು, ಎರಡು ಮರ, ಹಾರುವ ಟೋಪಿ, ಹಾರುವ ಕಾಗದಗಳು. ಆದರೆ ಉಡುಪು ನಮ್ಮ ಕಾಲದ್ದು, ಬಯಲಿನಲ್ಲಿ ಕಾಲುವೆ, ಮೇಲೆ ಬೂದು ಆಕಾಶ. ಫೂಜಿ ಇಲ್ಲ. ನೋಡಿದರೆ ಒಂದು ಕ್ಷಣದಲ್ಲಿ ಸಿಕ್ಕ ಚಿತ್ರ ಎನಿಸುತ್ತದೆ. ಅದಕ್ಕಾಗಿ ವಾಲ್ ತೆಗೆದದ್ದು ನೂರಕ್ಕೂ ಹೆಚ್ಚು ಫೋಟೊಗಳು, ಹಿಡಿದದ್ದು ಒಂದು ವರ್ಷಕ್ಕೂ ಹೆಚ್ಚು ಕಾಲ. ನಟರನ್ನು ನಿಲ್ಲಿಸಿ, ಒಂದೇ ಬಗೆಯ ಹವೆ ಇರುವ ದಿನಗಳಿಗಾಗಿ ಕಾದು, ತುಂಡು ತುಂಡಾಗಿ ತೆಗೆದು, ಕಂಪ್ಯೂಟರಿನಲ್ಲಿ ಬೆಸೆದರು. ಸುಮಾರು 4 ಮೀಟರ್ ಅಗಲದ ಆ ಚಿತ್ರ ಹಿಂದಿನಿಂದ ದೀಪ ಬೆಳಗುವ ಪೆಟ್ಟಿಗೆಯಲ್ಲಿ ನಿಲ್ಲುತ್ತದೆ, ಈಗ ಲಂಡನ್ನಿನ ಟೇಟ್ ಸಂಗ್ರಹದಲ್ಲಿದೆ.

ಇಲ್ಲಿ ಗಮನಿಸಬೇಕಾದದ್ದು, ವಾಲ್ ಹೊಕುಸಾಯ್‌ನಿಂದ ಏನನ್ನು ತೆಗೆದುಕೊಂಡರು ಎಂಬುದು. ಫೂಜಿಯ ಸೊಬಗನ್ನು ತೆಗೆದುಕೊಳ್ಳಲಿಲ್ಲ, ಬಣ್ಣವನ್ನೂ ತೆಗೆದುಕೊಳ್ಳಲಿಲ್ಲ. ಕಣ್ಣಿಗೆ ಕಾಣದ ಗಾಳಿಯನ್ನು ಕಾಗದ, ಟೋಪಿ, ಬಾಗಿದ ಬೆನ್ನುಗಳ ಮೂಲಕ ಕಾಣಿಸುವ ಕಟ್ಟನ್ನು ತೆಗೆದುಕೊಂಡರು. ಸ್ಫೂರ್ತಿ ಪಡೆಯುವುದೆಂದರೆ ಇದು. ಇದೇ ದಾರಿಯಲ್ಲಿ ಜರ್ಮನಿಯ ಬೆಯಾಟೆ ಗುಟ್‌ಶೋ 1999ರಿಂದ ಕೆಲವು ವರ್ಷ ಕ್ಲಾಡ್ ಲೊರೇನನ ಕಟ್ಟನ್ನು ಹಿಡಿದು, ಬೇರೆ ಬೇರೆ ಕಡೆ ತೆಗೆದ ಫೋಟೊಗಳಿಂದ ನಿಸರ್ಗಚಿತ್ರಗಳನ್ನು ಜೋಡಿಸಿದರು. ಮರ, ಹುಲ್ಲು, ಜನ ಎಲ್ಲ ಇಂದಿನವು, ಅವು ನಿಂತ ರೀತಿ ಮಾತ್ರ ಮುನ್ನೂರು ವರ್ಷ ಹಳೆಯದು.

ಚೀನಾದ ಕತೆ ಇನ್ನೂ ಸೊಗಸಾಗಿದೆ. ಅಲ್ಲಿನ ಪರ್ವತ-ಜಲ ಚಿತ್ರಪರಂಪರೆಗೆ ಒಂದೇ ಕಡೆ ನಿಂತು ನೋಡುವ ಹಂಗಿಲ್ಲ. 11ನೇ ಶತಮಾನದ ಗುವೊ ಶಿ ಎಂಬ ಚಿತ್ರಕಾರ ಪರ್ವತ ನೋಡುವುದಕ್ಕೆ ಮೂರು ದೂರಗಳನ್ನು ಹೇಳಿದ್ದಾನೆ: ಕೆಳಗಿನಿಂದ ಶಿಖರವನ್ನು ತಲೆಯೆತ್ತಿ ನೋಡುವುದು, ಮುಂದಿನ ಬೆಟ್ಟದಿಂದ ಹಿಂದಿನ ಬೆಟ್ಟಗಳೊಳಕ್ಕೆ ನೋಡುವುದು, ಹತ್ತಿರದ ಬೆಟ್ಟದಿಂದ ದೂರದ ಬೆಟ್ಟಕ್ಕೆ ಸಮನಾಗಿ ನೋಡುವುದು. ಒಂದೇ ಚಿತ್ರದಲ್ಲಿ ಮೂರೂ ಇರಬಹುದು. ಒಂದು ಕಣ್ಣಿನ ಕ್ಯಾಮೆರಾಕ್ಕೆ ಇದು ಸಾಧ್ಯವೇ ಇಲ್ಲದ ಕೆಲಸ. 1892ರಲ್ಲಿ ಹುಟ್ಟಿದ ಲಾಂಗ್ ಜಿಂಗ್‌ಶಾನ್ ಎಂಬ ಛಾಯಾಗ್ರಾಹಕರು ಇದನ್ನು ಸಾಧ್ಯ ಮಾಡಲು ಹೊರಟರು. 1934ರಲ್ಲಿ ಒಂದು ನೆಗೆಟಿವಿನ ಮರಗಳನ್ನೂ ಇನ್ನೊಂದರ ಶಿಖರಗಳನ್ನೂ ಡಾರ್ಕ್‌ರೂಮಿನಲ್ಲಿ ಕೂಡಿಸಿ ಮಾಡಿದ ಅವರ ಚಿತ್ರ ಬ್ರಿಟನ್ನಿನ ಪ್ರದರ್ಶನವೊಂದಕ್ಕೆ ಆಯ್ಕೆಯಾಯಿತು. ನಡುವೆ ಬಿಟ್ಟ ಬಿಳಿ ಜಾಗ ನೋಡುವವರಿಗೆ ಮಂಜು, ಮಾಡುವವರಿಗೆ ಬೆಸುಗೆ ಅಡಗಿಸುವ ಜಾಗ. 1949ರಲ್ಲಿ ತೈವಾನಿಗೆ ಹೋಗಿ ನೆಲೆಸಿದ ಅವರು 1995ರವರೆಗೆ ಬದುಕಿದ್ದರು.

ಆ ಪರಂಪರೆಯನ್ನು ಕಂಪ್ಯೂಟರಿಗೆ ತಂದವರಲ್ಲಿ ಮುಖ್ಯರು ಶಾಂಘೈನ ಯಾಂಗ್ ಯೊಂಗ್‌ಲಿಯಾಂಗ್, 1980ರಲ್ಲಿ ಹುಟ್ಟಿದವರು. ಎಳೆಯ ವಯಸ್ಸಿನಲ್ಲೇ ಮಸಿಯ ಚಿತ್ರ, ಅಕ್ಷರಬರಹ ಕಲಿತವರು. ಅವರ ಚಿತ್ರವನ್ನು ದೂರದಿಂದ ನೋಡಿದರೆ ಸಾವಿರ ವರ್ಷ ಹಿಂದಿನ ಸುಂಗ್ ಕಾಲದ ಚಿತ್ರವೇ. ಮಂಜಿನಲ್ಲಿ ಮುಳುಗಿದ ಪರ್ವತಗಳು, ತುದಿಯಲ್ಲಿ ಒಣ ಮರಗಳು. ಹತ್ತಿರ ಹೋಗಿ. ಪರ್ವತದ ಬಂಡೆಗಳೆಲ್ಲ ಬಹುಮಹಡಿ ಕಟ್ಟಡಗಳು, ಒಂದರ ಮೇಲೊಂದು ಒತ್ತಿಕೊಂಡು ನಿಂತಿವೆ. ಮರ ಎಂದುಕೊಂಡದ್ದು ವಿದ್ಯುತ್ ಕಂಬ, ಕಟ್ಟಡ ಕಟ್ಟುವ ಕ್ರೇನು. ಮಂಜು ಎಂದುಕೊಂಡದ್ದು ಹೊಗೆಯೂ ಆಗಿರಬಹುದು. ತನ್ನ ಊರು ಬೆಟ್ಟ ನೀರುಗಳನ್ನು ನುಂಗಿ ಬೆಳೆದ ಬಗೆಯನ್ನು ಆ ಬೆಟ್ಟ ನೀರುಗಳ ಚಿತ್ರದ ರೂಪದಲ್ಲೇ ಹೇಳುವ ಈ ಕೆಲಸ ತಿದ್ದದ ಒಂದು ಫೋಟೊದಿಂದ ಆಗುವಂಥದ್ದಲ್ಲ. ಇಲ್ಲಿ ತಿದ್ದುಪಡಿ ಸತ್ಯವನ್ನು ಮರೆಮಾಚಲಿಲ್ಲ, ಹೊರಗೆ ಎಳೆಯಿತು.

ಇನ್ನೊಂದು ಕವಲು ಕನಸಿನದು. ಬೆಲ್ಜಿಯಂನ ರೆನೆ ಮಾಗ್ರಿಟ್ 1959ರಲ್ಲಿ ಕಡಲಿನ ಮೇಲೆ ಗಾಳಿಯಲ್ಲಿ ತೇಲುವ ಭಾರೀ ಬಂಡೆ, ಅದರ ನೆತ್ತಿಯ ಮೇಲೆ ಕೋಟೆ ಬರೆದ. ಇಂದು ಅಂತರ್ಜಾಲದಲ್ಲಿ ಕಾಣುವ ತೇಲುವ ದ್ವೀಪಗಳಲ್ಲಿ ಎಷ್ಟೋ ಆ ಬಂಡೆಯ ಮರಿಗಳು. 1953ರ ಅವನ ಇನ್ನೊಂದು ಚಿತ್ರದಲ್ಲಿ ಟೋಪಿ ಹಾಕಿದ ಗಂಡಸರು ಮಳೆಹನಿಗಳಂತೆ ಆಕಾಶದಲ್ಲಿ ನಿಂತಿದ್ದಾರೆ. ಆ ಚಿತ್ರದ ಹೆಸರು ‘ಗೋಲ್ಕೊಂಡ’, ನಮ್ಮ ನೆರೆಯ ಹೈದರಾಬಾದಿನ ಗೋಲ್ಕೊಂಡದಿಂದಲೇ ಹೋದದ್ದು. ಸ್ವೀಡನ್ನಿನ ಎರಿಕ್ ಯೊಹಾನ್ಸನ್ ಮಾಗ್ರಿಟ್, ಎಶರ್ ಮುಂತಾದ ಕಲಾವಿದರನ್ನು ತಮ್ಮ ಸ್ಫೂರ್ತಿಯೆಂದು ಹೇಳಿಕೊಳ್ಳುತ್ತಾರೆ. ಕಂಪ್ಯೂಟರ್ ಎಂಜಿನಿಯರಿಂಗ್ ಓದಿದವರು. 2008ರ ಅವರ ಚಿತ್ರವೊಂದರಲ್ಲಿ ಮನುಷ್ಯನೊಬ್ಬ ಡಾಂಬರು ರಸ್ತೆಯನ್ನು ಬಟ್ಟೆ ಎಳೆಯುವ ಹಾಗೆ ಹೊಲದ ಮೇಲೆ ಎಳೆದುಕೊಂಡು ಹೋಗುತ್ತಿದ್ದಾನೆ. ಅವರು ಹೇಳುವ ನಿಯಮಗಳು ಮೂರೇ: ಜೋಡಿಸುವ ಫೋಟೊಗಳ ನೋಟದ ಕೋನ ಒಂದೇ ಆಗಿರಬೇಕು, ಬೆಳಕು ಒಂದೇ ಬಗೆಯದಿರಬೇಕು, ಬೆಸುಗೆ ಎಲ್ಲಿ ಎಂದು ತಿಳಿಯಬಾರದು. ಮೊದಲೆರಡು ನಿಯಮಗಳ ಕೆಲಸ ಮುಗಿಯುವುದು ಹೊರಗೆ, ಬಯಲಿನಲ್ಲಿ. ಕಂಪ್ಯೂಟರ್ ಮುಂದೆ ಕೂರುವುದು ಆಮೇಲೆ.

ಸೇರಿಸುವುದರಂತೆ ತೆಗೆಯುವುದೂ ಕಲೆಯೇ. ಜರ್ಮನಿಯ ಆಂಡ್ರಿಯಾಸ್ ಗುರ್ಸ್ಕಿ 1999ರಲ್ಲಿ ಮಾಡಿದ ರೈನ್ ನದಿಯ ಚಿತ್ರದಲ್ಲಿ ಅಡ್ಡಡ್ಡ ಪಟ್ಟಿಗಳಷ್ಟೇ ಇವೆ. ಹಸಿರು ಹುಲ್ಲು, ಬೂದು ನೀರು, ಮತ್ತೆ ಹುಲ್ಲು, ಮೇಲೆ ಮಂಕು ಆಕಾಶ. ಆಚೆ ದಡದ ವಿದ್ಯುತ್ ಸ್ಥಾವರವನ್ನೂ ದಾರಿಯ ಜನರನ್ನೂ ಅವರು ಕಂಪ್ಯೂಟರಿನಲ್ಲಿ ಅಳಿಸಿಹಾಕಿದರು. 2011ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ಅದು ಸುಮಾರು 43 ಲಕ್ಷ ಡಾಲರಿಗೆ ಹೋಯಿತು, ಆಗಿನ ಮಟ್ಟಿಗೆ ಫೋಟೊವೊಂದಕ್ಕೆ ಅದು ದಾಖಲೆ ಬೆಲೆ. ಅಳಿಸಿದ್ದನ್ನು ಗುರ್ಸ್ಕಿ ಬಚ್ಚಿಡಲಿಲ್ಲ.

ಮಾತು ಇಲ್ಲಿಗೆ ಬಂದು ನಿಲ್ಲುತ್ತದೆ. ಚಿತ್ರ ಏನೆಂದು ಮಾತು ಕೊಡುತ್ತದೆ, ಆ ಮಾತನ್ನು ಉಳಿಸಿಕೊಳ್ಳುತ್ತದೆಯೇ? 1982ರ ಫೆಬ್ರವರಿಯಲ್ಲಿ ನ್ಯಾಷನಲ್ ಜಿಯೋಗ್ರಾಫಿಕ್ ಪತ್ರಿಕೆ ಈಜಿಪ್ಟಿನ ಪಿರಮಿಡ್ಡುಗಳ ಚಿತ್ರವನ್ನು ಮುಖಪುಟಕ್ಕೆ ಹಾಕಿತು. ಚಿತ್ರ ಅಡ್ಡ, ಮುಖಪುಟ ಉದ್ದ. ಹೊಂದಿಸಲು ಎರಡು ಪಿರಮಿಡ್ಡುಗಳನ್ನು ಕಂಪ್ಯೂಟರಿನಲ್ಲಿ ಹತ್ತಿರಕ್ಕೆ ಸರಿಸಿದರು. ಸರಿಸಿದ್ದು ಕೊಂಚವೇ, ಗದ್ದಲವೆದ್ದದ್ದು ಬಹಳ. ಯಾಂಗ್ ಇಡೀ ಪರ್ವತವನ್ನೇ ಕಟ್ಟಡಗಳಿಂದ ಕಟ್ಟಿದರೆ ಯಾರೂ ಕೇಳುವುದಿಲ್ಲ, ಪತ್ರಿಕೆ ಪಿರಮಿಡ್ಡನ್ನು ತುಸು ಅಲುಗಿಸಿದರೆ ತಪ್ಪಾಗುತ್ತದೆ. ಏಕೆಂದರೆ ಓದುಗರು ಆ ಪತ್ರಿಕೆಯನ್ನು ಕೊಳ್ಳುವುದು, ಇದು ಭೂಮಿಯ ಮೇಲೆ ಹೀಗೇ ಇದೆ ಎಂಬ ಮಾತನ್ನು ನಂಬಿ. ಅಜ್ಜ ಅಜ್ಜಿಯ ಹಿಂದಿನ ಪರದೆ ಅಂಥ ಮಾತು ಕೊಟ್ಟಿರಲಿಲ್ಲ.

ನಮ್ಮ ಛಾಯಾಗ್ರಹಣ ಸಂಘಗಳು ಈ ಗೆರೆಯನ್ನು ಚೆನ್ನಾಗಿ ಬಲ್ಲವು. ಬೆಂಗಳೂರಿನಲ್ಲಿ 1971ರಲ್ಲಿ ಹುಟ್ಟಿದ ಯೂತ್ ಫೋಟೊಗ್ರಾಫಿಕ್ ಸೊಸೈಟಿಯಂಥ ಸಂಘಗಳ ಸದಸ್ಯರು ಅಂತರರಾಷ್ಟ್ರೀಯ ಸ್ಪರ್ಧೆಗಳಿಗೆ ಚಿತ್ರ ಕಳಿಸುವವರು. ಅಲ್ಲಿ ‘ನೇಚರ್’ ವಿಭಾಗದಲ್ಲಿ ಚಿತ್ರಕ್ಕೆ ಏನನ್ನೂ ಸೇರಿಸುವಂತಿಲ್ಲ, ಅಂಚು ಕತ್ತರಿಸುವುದನ್ನು ಬಿಟ್ಟರೆ ಏನನ್ನೂ ತೆಗೆಯುವಂತಿಲ್ಲ, ಒಂದು ರೆಂಬೆಯನ್ನು ಕೂಡ. ಕಲ್ಪನೆಯ ಚಿತ್ರಗಳಿಗೆ ಬೇರೆ ವಿಭಾಗವಿದೆ, ಅಲ್ಲಿ ಕೈ ಬಿಚ್ಚಿ ಆಡಬಹುದು. ಒಬ್ಬರೇ ಎರಡರಲ್ಲೂ ಭಾಗವಹಿಸಬಹುದು. ಕೇಳುವುದು ಇಷ್ಟೇ, ಯಾವ ಅಂಕಣದಲ್ಲಿ ಆಡುತ್ತಿದ್ದೀರಿ ಎಂಬುದು ಮೊದಲೇ ಗೊತ್ತಿರಬೇಕು.

ಮೊಬೈಲಿಗೆ ಬರುವ ಚಿತ್ರಕ್ಕೆ ತೀರ್ಪುಗಾರರಿಲ್ಲ, ನಾವೇ ನೋಡಿಕೊಳ್ಳಬೇಕು. 2020ರಿಂದ ಫೋಟೊಶಾಪಿನಲ್ಲಿ ಆಕಾಶ ಬದಲಿಸುವುದು ಒಂದು ಗುಂಡಿಯ ಕೆಲಸ. ಈಗಂತೂ ಕೃತಕ ಬುದ್ಧಿಮತ್ತೆಗೆ ನಾಲ್ಕು ಪದ ಹೇಳಿದರೆ ಕ್ಯಾಮೆರಾವೇ ಬೇಡ. ಆದರೂ ಬೆಳಕು ಗುಟ್ಟು ಬಿಟ್ಟುಕೊಡುತ್ತದೆ. ನೆಲದ ನೆರಳು ಒಂದು ಕಡೆ, ಮೋಡದ ಹೊಳಪು ಇನ್ನೊಂದು ಕಡೆ ಇದ್ದರೆ ಮುಗಿಲು ಎರವಲು. ಆಕಾಶ ಕೆಂಪಾಗಿ ನಿಂತ ನೀರು ನೀಲಿಯಾಗಿದ್ದರೆ ಬದಲಿಸಿದವರು ಕೆರೆಯನ್ನು ಮರೆತಿದ್ದಾರೆ. ದೂರದ ಬೆಟ್ಟ ಮಸುಕಾಗಿ ನೀಲಿಗೆ ತಿರುಗಬೇಕು, ಹತ್ತಿರದ ಬಂಡೆಯಷ್ಟೇ ಗಾಢವಾಗಿದ್ದರೆ ಅನುಮಾನಪಡಿ.

ಚಂದ್ರನ ವಿಷಯದಲ್ಲಂತೂ ಪಂಚಾಂಗ ಬಲ್ಲವರನ್ನು ಏಮಾರಿಸಲಾಗದು. ಹುಣ್ಣಿಮೆಯ ಚಂದ್ರ ಹುಟ್ಟುವುದು ಸೂರ್ಯ ಮುಳುಗುವ ಹೊತ್ತಿಗೆ, ಎದುರು ದಿಕ್ಕಿನಲ್ಲಿ. ಮುಳುಗುವ ಸೂರ್ಯನ ಪಕ್ಕದಲ್ಲೇ ಪೂರ್ಣಚಂದ್ರ ಇದ್ದರೆ ಅದು ಅಂಟಿಸಿದ್ದು. ಬಿದಿಗೆ ಚಂದ್ರನ ಬೆಳಗಿದ ಅಂಚು ಸೂರ್ಯನ ಕಡೆಗೇ ಇರಬೇಕು. ಹಾಲುಹಾದಿಯ ದಟ್ಟ ಭಾಗ ಡಿಸೆಂಬರ್ ಕೊನೆಗೆ ಕಾಣದು, ಸೂರ್ಯನೇ ಆ ದಿಕ್ಕಿನಲ್ಲಿರುತ್ತಾನೆ. ಹಾಗೆಂದು ದೊಡ್ಡ ಚಂದ್ರನನ್ನೆಲ್ಲ ಸುಳ್ಳೆನ್ನಬೇಡಿ. ಒಂದು ಕಿಲೋಮೀಟರ್ ಆಚೆಯಿಂದ ನೋಡಿದರೆ ಚಂದ್ರ ಸುಮಾರು 9 ಮೀಟರ್ ಅಗಲದ ವಸ್ತುವಿಗೆ ಸಮನಾಗಿ ಕಾಣುತ್ತಾನೆ. ದೂರ ಹೋದಷ್ಟೂ ಗೋಪುರ ಚಿಕ್ಕದಾಗುತ್ತದೆ, ಚಂದ್ರ ಹಾಗೇ ಇರುತ್ತಾನೆ. ಹಲವು ಕಿಲೋಮೀಟರ್ ಹಿಂದೆ ಸರಿದು ದೂರದ ಲೆನ್ಸಿನಲ್ಲಿ ತೆಗೆದವನಿಗೆ ಗೋಪುರದಷ್ಟೇ ಎತ್ತರದ ಚಂದ್ರ ಪ್ರಾಮಾಣಿಕವಾಗಿಯೇ ಸಿಗುತ್ತಾನೆ.

ಈ ಕಲೆಗೆ ಕೈ ಹಾಕಬಯಸುವ ತರುಣರಿಗೆ ಒಂದು ಮಾತು. ಲ ಗ್ರೇಯಿಂದ ಯಾಂಗ್‌ವರೆಗೆ ನಾನು ಹೆಸರಿಸಿದವರಲ್ಲಿ ಬಹುತೇಕರಿಗೆ ಹಿಂದೆ ಒಂದು ಚಿತ್ರಪರಂಪರೆ ಇತ್ತು. ಗುಂಡಿ ಒತ್ತಿ ಸಿಗುವ ಆಕಾಶ ಎಲ್ಲರಿಗೂ ಒಂದೇ, ಅದರಲ್ಲಿ ನಿಮ್ಮದೇನೂ ಇರುವುದಿಲ್ಲ. ನಮ್ಮಲ್ಲಿಯೂ ನೋಡಲು ಬೇಕಾದಷ್ಟಿದೆ. ಕೆ. ವೆಂಕಟಪ್ಪನವರು ಊಟಿ, ಕೊಡೈಕೆನಾಲುಗಳ ಮಂಜು ಮಳೆಗಳನ್ನು ಜಲವರ್ಣದಲ್ಲಿ ಹಿಡಿದ ಬಗೆ, ರುಮಾಲೆ ಚನ್ನಬಸವಯ್ಯನವರು ಬೆಂಗಳೂರಿನ ಹೂಬಿಟ್ಟ ಮರಗಳಿಗೆ ಹಚ್ಚಿದ ಬಣ್ಣ, ಬೆಂಗಳೂರಿನ ತಾತಗುಣಿಯಲ್ಲಿ ಬಾಳಿದ ಸ್ವೆತೊಸ್ಲಾವ್ ರೋರಿಕ್ ಮತ್ತು ಅವರ ತಂದೆ ನಿಕೊಲಾಯ್ ರೋರಿಕ್ ಕಂಡ ಹಿಮಾಲಯ. ಚಿತ್ರಕಲಾ ಪರಿಷತ್ತಿಗೆ ಹೋಗಿ ಒಂದು ಚಿತ್ರದ ಮುಂದೆ ಅರ್ಧ ಗಂಟೆ ನಿಂತರೆ ಸಾಕು, ಬೆಳಕು ಯಾವ ಕಡೆಯಿಂದ ಬಂದು ಯಾವುದರ ಮೇಲೆ ಎಷ್ಟು ಬಿದ್ದಿದೆ ಎಂಬುದು ತಿಳಿಯತೊಡಗುತ್ತದೆ. ಅದು ತಿಳಿದ ಮೇಲೆ ಕಂಪ್ಯೂಟರ್ ತೆರೆಯಿರಿ.

ತಿದ್ದಿ, ಸೇರಿಸಿ, ಬೇಕಾದರೆ ಬೆಟ್ಟವನ್ನೇ ತಲೆಕೆಳಗು ಮಾಡಿ, ಅದು ಕಲಾವಿದನ ಹಕ್ಕು. ಆದರೆ ಅದನ್ನು ಯಾವುದಾದರೂ ಊರಿನ ಹೆಸರಿನಲ್ಲಿ ಹಂಚುವಾಗ ಕೆಳಗೆ ‘ಇದು ಜೋಡಿಸಿದ ಚಿತ್ರ’ ಎಂದು ಒಂದು ಸಾಲು ಬರೆಯಿರಿ. ಆ ಚಿತ್ರವನ್ನು ನಂಬಿ ರಜೆ ಹಾಕಿ, ಮಕ್ಕಳನ್ನು ಕರೆದುಕೊಂಡು, ಅಲ್ಲಿಗೆ ಬಸ್ಸು ಹತ್ತುವವರು ಇರುತ್ತಾರೆ.